ಹುಲ್ಲಿನ ಲಾರಿಯ ಮೇಲೆ ಕೂತವರು

ನಮ್ಮ ಕೇರಿಯಲ್ಲಿ ಹುಲ್ಲಿನ ಮೆದೆ ಇಲ್ಲ. ಮೆದೆ ಇರಬೇಕಾದರೆ ಹೊಲ ಇರಬೇಕು. ಹೊಲ ಇದ್ದವರ ಹಿತ್ತಲಲ್ಲಿ ರಾಗಿಹುಲ್ಲಿನ ಮೆದೆ ಆನೆ ಕೂತ ಹಾಗೆ ಕೂತಿರುತ್ತದೆ. ಅದನ್ನು ಒಟ್ಟಿದವರು ನಮ್ಮಪ್ಪ, ನಮ್ಮ ಚಿಕ್ಕಪ್ಪ. ನಮ್ಮ ಹಸುವಿಗೆ ಮಾತ್ರ ಅವ್ವ ಕಂಡವರ ಬದುವಿನಲ್ಲಿ ಕುಯ್ದು ತಲೆ ಮೇಲೆ ಹೊತ್ತು ತಂದ ಹಸಿಹುಲ್ಲೇ ಗತಿ.

ಸಾಲ ಮಾಡಿ ತಂದ ಒಂದೇ ಒಂದು ಸೀಮೆಹಸು ಅದು. ಅದರ ಹಾಲನ್ನು ಡೈರಿಗೆ ಹಾಕಿ ಬಂದ ದುಡ್ಡಲ್ಲಿ ನಾನು ಬಸ್ಸಿನ ಪಾಸು ಮಾಡಿಸಿ, ಫೀಸು ಕಟ್ಟಿ, ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ. ಅದರಲ್ಲಿ ಅರ್ಧ ಆ ಹಸುವಿನದು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬಡವರ ಹೊಲ ಎಂದರೆ ಮಳೆ ನೆಚ್ಚಿದ ರಾಗಿಹೊಲ. ರಾಗಿ ಬಾಡಿದರೆ ಮನುಷ್ಯನಿಗೆ ಮುದ್ದೆ ಇಲ್ಲ, ದನಕ್ಕೆ ಹುಲ್ಲಿಲ್ಲ. ಬದುವೂ ಒಣಗಿತು. ಅವ್ವ ಖಾಲಿ ಕುಡುಗೋಲು ಹಿಡಿದು ವಾಪಸ್ಸು ಬರತೊಡಗಿದಳು. ಅದೇ ಹೊತ್ತಿಗೆ ಮೇವು ಹೊರರಾಜ್ಯಕ್ಕೆ ಹೋಗಬಾರದೆಂದು ಗಡಿಯಲ್ಲಿ ತಡೆದರು. ಕೇರಳದ ವಯನಾಡಿನ ಹಾಲಿನವರು ಗೋಳಾಡಿದರು. ಅವರ ಹಸುವಿಗೂ ನಮ್ಮ ಹಸುವಿಗೂ ಹಸಿವು ಒಂದೇ. ಮೇವು ತಡೆಯುವ ಆದೇಶ ಬಂತು. ಮೇವು ತಲುಪಿಸುವ ಆದೇಶ ನಮ್ಮ ಕೇರಿಗೆ ಬರಲಿಲ್ಲ.

ಮದ್ದೂರಿನ ಕಡೆ, ನಾಲೆ ಬಯಲಲ್ಲಿ, ಹಳೇ ಭತ್ತದ ಹುಲ್ಲು ಉಳಿದಿದೆ ಅಂತ ಸುದ್ದಿ ಬಂತು. ಕೇರಿಯ ಆರು ಮನೆಯವರು ಚಂದಾ ಎತ್ತಿದೆವು. ಟ್ರ್ಯಾಕ್ಟರಿನವನು ಕೈ ಆಡಿಸಿಬಿಟ್ಟ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಗೆ ಟ್ರ್ಯಾಕ್ಟರ್ ಹತ್ತುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ತೆವಳಬೇಕು. ನಿಡಘಟ್ಟ, ಚನ್ನಪಟ್ಟಣ, ರಾಮನಗರ ದಾಟಿ ಮಾಗಡಿ ಮುಟ್ಟುವಷ್ಟರಲ್ಲಿ ಹುಲ್ಲಿಗಿಂತ ಡೀಸೆಲ್ಲೇ ಜಾಸ್ತಿ. ಕೊನೆಗೆ ಊರ ಗೌಡರೊಬ್ಬರು ತಮ್ಮ ದನಕ್ಕೆ ಲಾರಿ ಮಾಡಿದರು. 'ನಿಮ್ದೂ ಹಾಕ್ಕೊಳ್ರಪ್ಪ, ಲೋಡಿಂಗ್ ನೀವೇ ಮಾಡಿ' ಅಂದರು. ಚಿಕ್ಕಪ್ಪ ಹೋದ.

ಹುಲ್ಲು ತೂಕದ ಸರಕಲ್ಲ, ಗಾತ್ರದ ಸರಕು. ಜಲ್ಲಿ ಲಾರಿಯಲ್ಲಿ ಅರ್ಧ ಬಾಡಿ ತುಂಬಿದರೆ ತೂಕ ಮೀರುತ್ತದೆ. ಹುಲ್ಲಿನ ಲಾರಿ ಮನೆಯಷ್ಟು ಎತ್ತರ ತುಂಬಿದರೂ ತೂಕ ಮುಟ್ಟುವುದಿಲ್ಲ. ಬಾಡಿಗೆ ಗಿಟ್ಟಬೇಕಾದರೆ ಮೇಲಕ್ಕೂ ಪಕ್ಕಕ್ಕೂ ಹೇರಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194(1ಎ) ಹೇಳುವುದೇ ಬೇರೆ. ಸರಕು ಬಾಡಿಯಿಂದ ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಚಾಚಿದರೆ, ಎತ್ತರ ಮೀರಿದರೆ 20,000 ರೂಪಾಯಿ ದಂಡ. ನಮ್ಮ ಆರು ಮನೆಯ ಹುಲ್ಲಿನ ಬೆಲೆ ಅಷ್ಟಿರಲಿಲ್ಲ.

ದಾರಿಯಲ್ಲಿ ತಡೆದರು. ದಂಡದ ಮಾತಾಯಿತು. ಡ್ರೈವರ್ ಗೌಡರಿಗೆ ಫೋನ್ ಹಚ್ಚಿದ, ಗೌಡರು ಇನ್ಯಾರಿಗೋ ಹಚ್ಚಿದರು. ಹತ್ತು ನಿಮಿಷದಲ್ಲಿ 'ಹೋಗ್ರಿ' ಅಂದರು. ಬರದಲ್ಲಿ ನಿಯಮ ಸಡಿಲಿಸಿ ಅಂತ ನಾವು ಅರ್ಜಿ ಹಾಕುವುದಕ್ಕೆ ಮುಂಚೆಯೇ ನಿಯಮ ಸಡಿಲವಾಗಿತ್ತು, ಫೋನಿನಲ್ಲಿ.

ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗಿದಾಗ ರಾತ್ರಿ. ಚಿಕ್ಕಪ್ಪ ಹುಲ್ಲಿನ ನೆತ್ತಿಯ ಮೇಲೆ ಕೂತಿದ್ದ, ಕೈಯಲ್ಲಿ ಒಣ ಬಿದಿರು ಗಳ. ರಸ್ತೆಗೆ ಅಡ್ಡ ಜೋತ ಕರೆಂಟಿನ ತಂತಿಯನ್ನು ಗಳದಿಂದ ಎತ್ತಿ ಹಿಡಿಯುವುದು, ಲಾರಿ ದಾಟಿದ ಮೇಲೆ ಬಿಡುವುದು. ನಾನು ಕಂಡ ಹುಲ್ಲಿನ ಲಾರಿಗಳ ಮೇಲೆಲ್ಲ ಹೀಗೆ ಒಬ್ಬ ಕೂತಿರುತ್ತಾನೆ. ಅವನು ಯಾವ ಕೇರಿಯವನು ಅಂತ ಕೇಳಬೇಕಾಗಿಲ್ಲ. ಒಂದು ತಂತಿ ಗಳಕ್ಕೆ ಸಿಕ್ಕಲಿಲ್ಲ. ಕಿಡಿ ಬಿತ್ತು. ಹುಲ್ಲು ಹೊತ್ತಿಕೊಂಡಿತು. ಚಿಕ್ಕಪ್ಪ ನೆಗೆದ. ಜೀವ ಉಳಿಯಿತು, ಕಾಲು ಮುರಿಯಿತು. ಗೌಡರು ಆಸ್ಪತ್ರೆಗೆ 5,000 ಕೊಟ್ಟರು. ಸುಟ್ಟ ಹುಲ್ಲಿನ ಲೆಕ್ಕದಲ್ಲಿ ಅದನ್ನೂ ಬರೆದುಕೊಂಡರು.

ಮಂಚದ ಮೇಲೆ ಮಲಗಿದ್ದ ಚಿಕ್ಕಪ್ಪನಿಗೆ ನಾನು ಓದಿದ ಕಾಯ್ದೆ ಓದಿ ಹೇಳಿದೆ. ಅವನು ನಕ್ಕ. 'ರೂಲ್ಸು ನಂಗೊತ್ತಿಲ್ಲ ಕಣ್ ಮಗ. ಗೌಡ್ರು ಫೋನ್ ಮಾಡುದ್ರು, ಪೊಲೀಸ್ರು ಬುಟ್ರು. ತಂತಿಗ್ಯಾರ್ ಫೋನ್ ಮಾಡ್ತಾರೆ?'

ನಾನು ಪದ್ಯ ಬರೆಯುವವನು. ಲಾರಿ ರೂಲ್ಸಿನ ಮೇಲೆ ಯಾಕೆ ಬರೀತೀಯ ಅಂತ ಗೆಳೆಯರು ಕೇಳಿದರು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ನಮ್ಮ ಚಳವಳಿಗೆ ಕಾವು ಬಂದದ್ದೂ ಅಲ್ಲಿಂದಲೇ. ಬೂಸಾ ಎಂಬ ಮಾತಿಗೆ ಅಷ್ಟು ಸಿಟ್ಟಾದವರಿಗೆ ಬೂಸಾ ಇಲ್ಲದೆ ನರಳುವ ದನ ಕಂಡು ಅದರ ಕಾಲುಪಾಲು ಸಿಟ್ಟೂ ಬರುವುದಿಲ್ಲ. ನಮ್ಮ ತಾತನ ಕಾಲದಲ್ಲಿ ಬರ ಬಂದರೆ ಊರಿನ ಸತ್ತ ದನ ಎಳೆದುಹಾಕಲು ಕೇರಿಗೆ ಕರೆ ಬರುತ್ತಿತ್ತು. ಈಗ ಹುಲ್ಲು ಹೇರಲು ಬರುತ್ತದೆ. ಸತ್ತ ದನಕ್ಕೂ ಬದುಕಿದ ದನಕ್ಕೂ ಹೆಗಲು ನಮ್ಮದೇ. ಆದ್ದರಿಂದ ಲಾರಿಯ ಮಾತು ನಮ್ಮ ಮಾತೇ.

2012ರ ಬರದಲ್ಲಿ ಅಮೆರಿಕದ ಕೆಲವು ರಾಜ್ಯಗಳು ಹುಲ್ಲಿನ ಲಾರಿಗಳಿಗೆ ಗಾತ್ರ, ತೂಕದ ನಿಯಮ ಸಡಿಲಿಸಿ ಲಿಖಿತ ಆದೇಶ ಹೊರಡಿಸಿದವು. ನಮ್ಮಲ್ಲೂ ಬರೆದದ್ದು ಇಲ್ಲದೆ ಇಲ್ಲ. 2022ರಿಂದ 2026ರವರೆಗಿನ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಗೋಶಾಲೆಯ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ಎಂದಿದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಬಾಬ್ತು ಇದೆ: ಗೋಶಾಲೆಯ ಹೊರಗಿರುವ ದನಗಳಿಗೆ ಮೇವು ಸಾಗಿಸುವ ನಿಜವಾದ ಖರ್ಚು. ನಮಗೆ ಬೇಕಾದದ್ದು ಅದು. ಕೂಲಿ ಬಿಟ್ಟು ಗೋಶಾಲೆಯಲ್ಲಿ ಹಸು ಕಾಯುತ್ತಾ ಕೂತರೆ ಅವ್ವನ ಹೊಟ್ಟೆಗೆ ಏನು?

ಹಾಗಾಗಿ ಕೇಳುತ್ತೇನೆ. ಬರ ಸಾರಿದ ತಾಲ್ಲೂಕಿಗೆ ಮೇವು ತರುವ ಗಾಡಿಗೆ ಟೋಲ್ ಬೇಡ. ತಹಸೀಲ್ದಾರರ ಚೀಟಿ ಇದ್ದರೆ ಪಕ್ಕಕ್ಕೆ ಒಂದಿಷ್ಟು ಚಾಚಿದ್ದಕ್ಕೆ ದಂಡ ಬೇಡ. ಸಾಗಣೆ ಖರ್ಚು ಸರ್ಕಾರ ಕೊಡಲಿ, ಮೊದಲ ಲೋಡು ಹೊಲವಿಲ್ಲದವರ ಕೇರಿಗೆ ಇಳಿಯಲಿ. ಎತ್ತರವನ್ನು ಮಾತ್ರ ಸಡಿಲಿಸಬೇಡಿ. ಯಂತ್ರದಲ್ಲಿ ಒತ್ತಿ ಪಿಂಡಿ ಕಟ್ಟಿದರೆ ಅದೇ ಲಾರಿಯಲ್ಲಿ ಹೆಚ್ಚು ಹುಲ್ಲು ತಗ್ಗಾಗಿ ಕೂರುತ್ತದೆ. ಹುಲ್ಲಿನ ಮೇಲೆ ಮನುಷ್ಯನನ್ನು ಕೂರಿಸಕೂಡದು. ಗೌಡರ ದನ ಉಳಿಯಲಿ, ನಮ್ಮ ದನವೂ ಉಳಿಯಲಿ. ಅದಕ್ಕೆ ನಮ್ಮ ಹುಡುಗರು ಸುಡಬೇಕಾಗಿಲ್ಲ.

ಯುಗಾದಿಗೆ ಮುಂಚೆ ಅವ್ವ ಹಸುವನ್ನು ಅರ್ಧ ಬೆಲೆಗೆ ಮಾರಿದಳು. ಸಾಲ ಉಳಿದಿದೆ. ಚಿಕ್ಕಪ್ಪ ಕುಂಟುತ್ತಾನೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬದಲಾದ ಮಾತ್ರಕ್ಕೆ ಮಳೆ ಬರುವುದಿಲ್ಲ. ಮುಂದೊಂದು ಬರ ಬಂದೇ ಬರುತ್ತದೆ. ಆಗ ಆದೇಶ ಫೋನಿನಲ್ಲಿ ಬರುವುದು ಬೇಡ, ಕಾಗದದ ಮೇಲೆ ಬರಲಿ. ನಮ್ಮ ಕೇರಿಯಲ್ಲೂ ಈಗ ಕಾಗದ ಓದುವವರಿದ್ದಾರೆ.