ಸಂಕ ದಾಟಿ ಬರುವ ಮಕ್ಕಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮನೆಗಳು ಒಂದೆಡೆ ಗುಂಪುಗೂಡಿ ನಿಂತವುಗಳಲ್ಲ. ತೋಟಕ್ಕೊಂದು, ಕಣಿವೆಗೊಂದು, ಬೆಟ್ಟದ ಬುಡಕ್ಕೊಂದು ಎಂಬಂತೆ ಚದುರಿದ ಈ ವಸತಿಗಳ ನಡುವೆ ಎಲ್ಲಿಯೋ ಒಂದಿಷ್ಟು ಸಮತಟ್ಟಾದ ನೆಲ ದೊರೆತಲ್ಲಿ ಶಾಲೆಯನ್ನು ಕಟ್ಟುತ್ತಿದ್ದರಾದ್ದರಿಂದ, ಮಕ್ಕಳ ಕ್ಷೇಮವೆಂಬುದು ಇಲ್ಲಿ ಶಾಲೆಯ ನಾಲ್ಕು ಗೋಡೆಗಳೊಳಗೆ ಮುಗಿಯುವ ವಿಷಯ ಎಂದೂ ಆಗಿರಲಿಲ್ಲ. ಮಗು ಬೆಳಗ್ಗೆ ಅಂಗಳವನ್ನಿಳಿದ ಕ್ಷಣದಿಂದ ಸಂಜೆ ಮರಳಿ ಅದೇ ಅಂಗಳವನ್ನು ಮೆಟ್ಟುವವರೆಗಿನ ಕಾಡುದಾರಿ, ಆ ದಾರಿಗೆ ಅಡ್ಡವಾಗುವ ಹಳ್ಳ, ಹಳ್ಳದ ಮೇಲಣ ಸಂಕ ಇವೆಲ್ಲವೂ ಶಾಲೆಯ ಅಂಗಗಳೇ ಆಗಿದ್ದವು. 1960ರ ದಶಕದಲ್ಲಿ ಸಿದ್ದಾಪುರ ಸೀಮೆಯ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಈ ಮೂರು ತಾಲೂಕುಗಳಲ್ಲಿಯೂ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನನಗೆ, ಆ ದಾರಿಯನ್ನು ಕಾಯುವ ಹೊಣೆಯು ಯಾರಿಂದ ಯಾರ ಕೈಗೆ ಹೋಯಿತೆಂಬುದೇ ನಾನು ಕಂಡ ಬದಲಾವಣೆಗಳಲ್ಲೆಲ್ಲ ದೊಡ್ಡದೆಂದು ತೋರುತ್ತದೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ನಮ್ಮ ಮಾಸ್ತರರು ಆ ಕಾಲದ ಶಿಸ್ತಿನಲ್ಲಿ ಪಳಗಿದವರು. ವೈಶಾಖ ಕಳೆದು ರೋಹಿಣಿ ಮಳೆಯ ಮೋಡಗಳು ಘಟ್ಟದ ಅಂಚಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಅವರು ಮನೆಮನೆಗೂ ಹೋಗಿ ಕವಳ ಹಾಕುತ್ತ ಒಂದು ಮಾತನ್ನು ಹೇಳಿಬರುತ್ತಿದ್ದರು: ‘ಸಂಕದ ದಿವಸ ಆಳು ಕಳಿಸೂದು ಮರೀಬೇಡಿ.’ ಗೊತ್ತಾದ ದಿನ ಒಂದು ಮನೆಯವರು ಸತ್ತ ಅಡಿಕೆಯ ಮರಗಳನ್ನು ಹೊತ್ತು ತರುವರು, ಇನ್ನೊಂದು ಮನೆಯವರು ಕಾಡುಬಳ್ಳಿಯನ್ನು, ಮತ್ತೊಂದು ಮನೆಯವರು ಹಿಡಿಕೆಗೆ ಬೇಕಾದ ಬಿದಿರನ್ನು. ಎರಡು ಮೂರು ಮರಗಳನ್ನು ಜೋಡಿಸಿ ಬಿಗಿದ ಆ ಸಂಕದ ಮೇಲೆ ಊರಿನ ಹಿರಿಯರೊಬ್ಬರು ಮೊದಲು ನಡೆದು ನೋಡಿ, ಅಲುಗುವ ಕಡೆಯಲ್ಲಿ ಇನ್ನೊಂದು ಕಟ್ಟು ಹಾಕಿಸಿದ ಹೊರತು ಮಕ್ಕಳನ್ನು ಬಿಡುತ್ತಿರಲಿಲ್ಲ. ಶಾಲೆಯ ಮಾಡಿಗೆ ಸೋಗೆ ಹೊದಿಸುವ ಕಾರ್ಯವೂ ಹೀಗೆಯೇ ನಡೆಯುತ್ತಿದ್ದಿತು. ಹಳ್ಳ ತುಂಬಿದ ದಿನ ಕಂಬಳಿಕೊಪ್ಪೆ ಹೊದ್ದ ಯಾರಾದರೊಬ್ಬ ದೊಡ್ಡವರು ಆಚೆಯ ದಡದಲ್ಲಿ ನಿಂತಿರುತ್ತಿದ್ದರು. ಅವರು ಕೈಸನ್ನೆ ಮಾಡಿದರೆ ನಾವು ಮನೆಗೆ ತಿರುಗಬೇಕು. ಜಿಲ್ಲಾಧಿಕಾರಿಗಳು ಮಳೆಯ ರಜೆಯನ್ನು ಘೋಷಿಸುವ ಪದ್ಧತಿಯಿಲ್ಲದ ಆ ದಿನಗಳಲ್ಲಿ ಅದೇ ನಮಗೆ ರಜೆಯ ಆಜ್ಞೆ.

ಆದರೆ ಆ ವ್ಯವಸ್ಥೆಯನ್ನು ನಿರ್ದೋಷವೆಂದು ಬಣ್ಣಿಸಿದರೆ ಸತ್ಯಕ್ಕೆ ಅಪಚಾರವಾದೀತು. ಸಂಕವನ್ನು ತೋಟವಿದ್ದವರ ಮನೆಯ ದಿಕ್ಕಿಗೆ ಬೇಗನೆ ಹಾಕುತ್ತಿದ್ದರು. ಬೆಟ್ಟದ ಮೇಲಿನ ಕೇರಿಯ ಮಕ್ಕಳು ಎಲ್ಲಿ ಹಳ್ಳ ದಾಟುತ್ತಾರೆಂಬುದನ್ನು ಆ ದಿನ ಕೂಡಿದವರಲ್ಲಿ ಯಾರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಮಳೆಗಾಲ ಬಂದೊಡನೆ ಆ ಮಕ್ಕಳು ಶಾಲೆಗೆ ಬರುವುದು ನಿಲ್ಲುತ್ತಿದ್ದಿತು, ಮತ್ತು ಹಾಗೆ ನಿಂತದ್ದನ್ನು ಊರು ಸಹಜವೆಂದೇ ಭಾವಿಸಿದ್ದಿತು.

ಇದರ ಅರ್ಥವು ನನಗೆ ಪೂರ್ಣವಾಗಿ ತಿಳಿದದ್ದು ಯಲ್ಲಾಪುರದ ಕಡೆಗೆ ವರ್ಗವಾಗಿ ಹೋದ ಮೇಲೆ. ಅಲ್ಲಿಯ ತರಗತಿಯಲ್ಲಿ ಹವ್ಯಕ ಮನೆಗಳ ಮಕ್ಕಳೊಡನೆ, ಮನೆಯಲ್ಲಿ ಕೊಂಕಣಿಯನ್ನಾಡುವ ಸಿದ್ದಿಗಳ, ಕುಣಬಿಗಳ ಮಕ್ಕಳೂ ಮರಾಠಿಯನ್ನಾಡುವ ಗೌಳಿಗರ ಮಕ್ಕಳೂ ಕುಳಿತಿರುತ್ತಿದ್ದರು. ದಾಖಲೆಯಲ್ಲಿ ಅದು ಕನ್ನಡ ಶಾಲೆ. ನಿಜದಲ್ಲಿ ಪ್ರತಿಯೊಂದು ದಿನವೂ ಮೂರು ಭಾಷೆಗಳಲ್ಲಿ ನಡೆಯಬೇಕಾದ ಶಾಲೆ. ಗೌಳಿವಾಡೆಯಿಂದ ಹಾಲು ಮಾರಲು ಪೇಟೆಗೆ ಹೋಗುವ ತಾಯಂದಿರು ಮಗುವನ್ನು ಬೇಲಿಯವರೆಗೆ ತಂದು ಬಿಟ್ಟು, ಒಳಗೆ ಕಾಲಿಡದೆ ಹೊರಟುಹೋಗುತ್ತಿದ್ದರು. ಸಭೆಗೆ ಕರೆದರೆ ಬಂದು ಗೋಡೆಗೆ ಒರಗಿ ಕುಳಿತು, ಹೆಬ್ಬೆಟ್ಟೊತ್ತಿ, ಒಂದು ಮಾತನ್ನೂ ಆಡದೆ ಎದ್ದು ಹೋಗುತ್ತಿದ್ದರು. ಅವರಿಗೆ ಆಸ್ಥೆಯಿಲ್ಲವೆಂಬುದು ನಮ್ಮ ಶಿಕ್ಷಕವರ್ಗದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತಿದ್ದ ಮಾತು. ನಾನು ಅವರ ಮಕ್ಕಳಿಂದಲೇ ಅವರ ನುಡಿಯನ್ನು ಅಷ್ಟಿಷ್ಟು ಕಲಿತು, ಮುಂದಿನ ಸಭೆಯಲ್ಲಿ ಮಗುವಿನ ಊಟ ನಿದ್ರೆಗಳನ್ನು ಆ ನುಡಿಯಲ್ಲೇ ಕೇಳಿದಾಗ ಒಬ್ಬ ತಾಯಿ, ‘ಬಾಯಿ, ನಮ್ಮ ದಾರಿಯಲ್ಲಿ ಒಂಟಿ ಕಾಡುಕೋಣ ನಿಲ್ಲುತ್ತದೆ, ಅದಕ್ಕೇ ಹುಡುಗಿ ತಡವಾಗಿ ಬರುತ್ತಾಳೆ, ಹೊಡೆಯಬೇಡಿ’ ಎಂಬರ್ಥದ ಮಾತನ್ನಾಡಿದಳು. ವರ್ಷಗಟ್ಟಲೆ ತಡಹಾಜರಿ ಎಂದು ಕೆಂಪುಮಸಿಯಲ್ಲಿ ಬರೆಯಲಾಗುತ್ತಿದ್ದ ಪುಟದ ಹಿಂದೆ ಇದ್ದದ್ದು ಇದು. ಆ ಬಳಿಕ ಗೌಳಿವಾಡೆಯ ಮಕ್ಕಳನ್ನು ಒಂದೇ ಗುಂಪಾಗಿ, ಸರದಿಯ ಪ್ರಕಾರ ಒಬ್ಬ ಪಾಲಕರ ಜೊತೆಯಲ್ಲಿ ಕರೆತರುವ ಏರ್ಪಾಡನ್ನು ಆ ತಾಯಂದಿರೇ ಮಾಡಿದರು.

ದಾರಿಯ ಅಪಾಯವನ್ನು ತಾಯಂದಿರೇ ಬಲ್ಲರೆಂಬುದನ್ನು ನಾನು ಸಿದ್ದಾಪುರದ ಕಡೆಯಲ್ಲಿಯೂ ಕಂಡೆ. 1957ರಲ್ಲಿ ನೆರೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲಿಗೆ ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ಸೀಮೆಯನ್ನು ಇಂದಿಗೂ ಬಿಟ್ಟಿಲ್ಲ. ಯಾವ ದಾರಿಯ ಬದಿಯಲ್ಲಿ ಮಂಗ ಸತ್ತುಬಿದ್ದಿದೆ, ಯಾವ ದರಕಿನ ಮೇಲೆ ಮಕ್ಕಳು ಕೂರಬಾರದು ಎಂಬುದು ಸೊಪ್ಪಿಗೆ ಹೋಗುವ ಹೆಂಗಸಿಗೆ ಮೊದಲು ತಿಳಿಯುತ್ತದೆಯೇ ಹೊರತು ಇಲಾಖೆಗಲ್ಲ. ಆಕೆ ಅಕ್ಕೋರ ಬಳಿ ಸಂಕೋಚವಿಲ್ಲದೆ ಮಾತನಾಡುವಂತಿದ್ದರೆ ಮಕ್ಕಳ ದಾರಿ ಅದೇ ದಿನ ಬದಲಾಗುತ್ತದೆ.

ಸರಕಾರವೂ ಈ ಹೊಣೆಯನ್ನು ತನ್ನ ರೀತಿಯಲ್ಲಿ ಕೈಗೆತ್ತಿಕೊಂಡಿತು. ಹಿಂದಿನ ಶಾಲಾ ಸುಧಾರಣಾ ಸಮಿತಿಯಲ್ಲಿ ಊರಿನ ಪ್ರಮುಖರಿಗೇ ಸ್ಥಾನವಿದ್ದಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿದಾಗ ಪಾಲಕರೇ ಪಾಲಕರನ್ನು ಆರಿಸುವಂತಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೂ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ವಿಧಿಸಿತು. ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ದಹಿಸಿಹೋದ ವಾರ್ತೆಯನ್ನು ಓದಿದ ದಿನ, ಸೋಗೆಯ ಮಾಡಿನ ಕೆಳಗೆ ಓದಿದವಳಾದ ನಾನು ಬಹಳ ಹೊತ್ತು ಏನನ್ನೂ ಮಾಡಲಾರದೆ ಕುಳಿತಿದ್ದೆ. ಹಂಚಿನ ಮಾಡು, ಪ್ರತ್ಯೇಕ ಅಡುಗೆಕೋಣೆ, ಗ್ಯಾಸಿನ ಒಲೆ, ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡುವ ನಿಯಮ ಇವುಗಳಿಗೆ ನಾನು ಮನಃಪೂರ್ವಕ ಕೃತಜ್ಞಳು. 2012ರ ಪೋಕ್ಸೋ ಕಾಯಿದೆ ಬಂದ ಮೇಲೆ, ಹಿಂದೆ ಊರು ಕಂಡೂ ಕಾಣದಂತಿದ್ದ ಒಂದು ಬಗೆಯ ಕ್ರೌರ್ಯವನ್ನು ಹೆಸರಿಟ್ಟು ಹೇಳುವುದಕ್ಕೆ ಮಕ್ಕಳಿಗೆ ಧೈರ್ಯ ಬಂದಿತು.

ಇಷ್ಟರಲ್ಲಿಯೇ ಇಂಗ್ಲಿಷಿನ ಆಕರ್ಷಣೆ ಹಳ್ಳಿಗಳನ್ನು ಮುಟ್ಟಿದ್ದಿತು. ಪೇಟೆಯ ಶಾಲೆಗಳ ವ್ಯಾನುಗಳು ಬೆಳಗಿನಲ್ಲೇ ತೋಟದ ತಿರುವಿಗೆ ಬಂದು ನಿಂತವು. ಸಂಕಕ್ಕೆ ಮರ ಕೊಡುತ್ತಿದ್ದ ಮನೆಗಳ ಮಕ್ಕಳು ಅವುಗಳಲ್ಲಿ ಕುಳಿತು ಹೊರಟರು. ನಾನು ಆ ಪಾಲಕರನ್ನು ನಿಂದಿಸಲಾರೆ. ಮಗುವಿಗೆ ಇಂಗ್ಲಿಷು ಬೇಕೆನ್ನುವುದು ತಪ್ಪಲ್ಲ. ಆದರೆ ಅವರ ಮಕ್ಕಳು ಕಾಲ್ನಡಿಗೆಯನ್ನು ಬಿಟ್ಟೊಡನೆ ಸಂಕದ ಚಿಂತೆಯೂ ಅವರನ್ನು ಬಿಟ್ಟುಹೋಯಿತು. ಬಡವರ ಮಕ್ಕಳು ಮಾತ್ರ ಹಳೆಯ ಮರಗಳ ಮೇಲೆ ನಡೆಯುತ್ತ ಉಳಿದರು. 2019-20ರಲ್ಲಿ ಸರಕಾರವು ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನು ತೆರೆದುದು, ಬಳಿಕ ದ್ವಿಭಾಷಾ ತರಗತಿಗಳು ಬಂದುದು ನನಗೆ ಸಮಾಧಾನ ತಂದ ಸಂಗತಿ. ಒಂದೆರಡು ಊರುಗಳಲ್ಲಿ ವ್ಯಾನು ಹತ್ತಿದ್ದ ಮಕ್ಕಳು ಮರಳಿದ್ದಾರೆ, ಅವರೊಡನೆ ಅವರ ತಂದೆಯರೂ ಸಭೆಗೆ ಮರಳಿದ್ದಾರೆ. ಕನ್ನಡ, ಇಂಗ್ಲಿಷುಗಳೆರಡಕ್ಕೂ ಎಡೆಯಿರುವ ಆ ಸಭೆಯಲ್ಲಿ ಗೌಳಿಯ ಮರಾಠಿಗೂ ಸಿದ್ದಿಯ ಕೊಂಕಣಿಗೂ ಎಡೆ ದೊರೆಯದಿದ್ದರೆ ಅದು ಅರ್ಧ ಶಾಲೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಯ ಸ್ವಭಾವವೂ ಈಗ ಬೇರೆಯಾಗಿದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಯ ಪ್ರವಾಹಕ್ಕೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಸಾಂಕ್ರಾಮಿಕದ ಕಾರಣದಿಂದ ಆಗ ಪ್ರಾಥಮಿಕ ಶಾಲೆಗಳು ಮುಚ್ಚಿದ್ದವು, ಆದ್ದರಿಂದ ಮಕ್ಕಳು ಶಾಲೆಯ ದಾರಿಯಲ್ಲಿರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಡಿ ಮಲೆನಾಡಿನ ಅನೇಕ ಹಳ್ಳಗಳಿಗೆ ಕಾಂಕ್ರೀಟಿನ ಕಿರುಸೇತುವೆಗಳು ಬಂದಿವೆ, ಬಾರದ ಹಳ್ಳಗಳೂ ಇವೆ.

ಆದುದರಿಂದ ಈ ಮೂರು ತಾಲೂಕುಗಳ ಪಾಲಕರಲ್ಲಿ ನನ್ನದೊಂದು ಬಿನ್ನಹ. ಮೇ ತಿಂಗಳ ಕೊನೆಯಲ್ಲಿ, ಶಾಲೆ ತೆರೆಯುವ ಮುನ್ನ, ನಿಮ್ಮ ಮಗು ವ್ಯಾನಿನಲ್ಲಿ ಹೋಗುವುದಾದರೂ ಸರಿಯೇ, ನಿಮ್ಮೂರಿನ ಅತಿ ದೂರದ ಮನೆಯಿಂದ ಶಾಲೆಯವರೆಗೆ ಆ ಮನೆಯ ತಾಯಿಯೊಡನೆ ಒಮ್ಮೆ ನಡೆದುಹೋಗಿ, ಆಕೆ ಆಕೆಯ ಭಾಷೆಯಲ್ಲಿ ತೋರಿಸಿದ ಅಪಾಯದ ಸ್ಥಳಗಳನ್ನೆಲ್ಲ ಸಮಿತಿಯ ಮೊದಲ ಸಭೆಯ ನಡಾವಳಿಯಲ್ಲಿ ಬರೆಯಿಸಿರಿ.