ನಾಲ್ಕು ಬಣ್ಣಗಳ ಸಿರಿತನ

ಬಡತನವನ್ನು ಹೊಗಳುವುದು ಹೊಟ್ಟೆ ತುಂಬಿದವರ ಹವ್ಯಾಸ. ಆದುದರಿಂದ, ಬಣ್ಣದ ಪೆಟ್ಟಿಗೆಯ ಬಡತನವನ್ನು ಹೊಗಳಹೊರಟ ನನ್ನನ್ನು ವಾಚಕರು ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ. ನಾನು ಕನ್ನಡದ ಅಧ್ಯಾಪಕ. ಕುಂಚಕ್ಕಿಂತ ಸೀಮೆಸುಣ್ಣವನ್ನೇ ಹೆಚ್ಚು ಹಿಡಿದ ಕೈ ನನ್ನದು. ಆದರೂ ಬಿಡುವಿನಲ್ಲಿ ಚಿತ್ರ ಬರೆಯುವ ಚಪಲವೊಂದುಂಟು. ಅದರ ಸುದ್ದಿ ಮನಗೂಳಿಯ ನಮ್ಮ ಓಣಿಯಲ್ಲಿ ಹಬ್ಬಿ, ರವಿವಾರ ಮುಂಜಾನೆ ನಾಲ್ಕಾರು ಹುಡುಗರು ಕಾಗದ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾರೆ.

ಹೆಚ್ಚಿನವರ ಬಳಿ ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆ. ಒಬ್ಬನ ಬಳಿ ಮಾತ್ರ ಅಕ್ಕ ಬಳಸಿ ಬಿಟ್ಟ ನಾಲ್ಕು ಸೀಸೆ: ಬಿಳಿ, ಕಪ್ಪು, ಮಣ್ಣಿನ ಹಳದಿ, ಕೆಂಪು. ಅವನು ಎಲ್ಲರ ಹಿಂದೆ ಕುಳಿತು, ಸೀಸೆಗಳನ್ನು ಚೀಲದಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಕಾರಣ ಕೇಳಿದೆ.

“ನೀಲಿ ಇಲ್ರಿ ಸರ. ಆಕಾಶ ಹ್ಯಾಂಗ ತಗೀಲ್ರಿ? ನಾಳಿ ವಾರದಿಂದ ನಾ ಬರೂದಿಲ್ರಿ.”

ಕಪ್ಪಿಗೆ ಬಿಳಿ ಬೆರೆಸಿ ಬೂದು ಮಾಡೆಂದೆ. ಅದರ ಪಕ್ಕದಲ್ಲಿಯೇ ಹಳದಿ, ಕೆಂಪು, ಬಿಳಿ ಕಲಸಿ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಬರೆಯಿಸಿದೆ. ನೋಡನೋಡುತ್ತಿದ್ದಂತೆ ಆ ಬೂದು ನೀಲಿಯ ಕಡೆಗೆ ವಾಲಿತು! ಇದರಲ್ಲಿ ಮಾಯೆಯೇನೂ ಇಲ್ಲ. ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡದು. ನೆರೆಯ ಬಣ್ಣದೊಡನೆ ತೂಗಿ ನೋಡುತ್ತದೆ. ಬೆಚ್ಚನೆಯ ಬಣ್ಣದ ಪಕ್ಕದಲ್ಲಿ ಬೂದು ತಣ್ಣಗಾಗುತ್ತದೆ. ಕಪ್ಪಿಗೆ ಹಳದಿ ಬೆರೆಸಿದಾಗ ಎಳೆಜೋಳದ ಹೊಲಕ್ಕೆ ಸಾಲುವಷ್ಟು ಮಾಸಲು ಹಸುರೂ ದೊರೆಯಿತು. ಎರೆಭೂಮಿಗೆ ಕಪ್ಪು ಹೇಗೂ ಇತ್ತು.

ಈ ಯುಕ್ತಿ ನನ್ನದಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ತನ್ನ ಹಲವು ಚಿತ್ರಗಳನ್ನು ಬಿಳಿ, ಕಪ್ಪು, ಮಣ್ಣಿನ ಹಳದಿ, ಇಂಗುಲೀಕದ ಕೆಂಪು ಇವಿಷ್ಟರಿಂದಲೇ ಬರೆದನು. ಇಂದಿಗೂ ಕಲಾಶಾಲೆಗಳಲ್ಲಿ ಈ ನಾಲ್ಕರ ಗುಂಪಿಗೆ ಅವನದೇ ಹೆಸರು. ಅಷ್ಟು ದೂರ ಹೋಗುವುದಾದರೂ ಏತಕ್ಕೆ? ನಮ್ಮ ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿರಿ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕೈಯಲ್ಲಿ ಪುಂಡಿನಾರಿನ ಕುಂಚ. ಮದುವೆಮನೆಯ ಗೋಡೆ ತುಂಬಲು ಅಷ್ಟೇ ಸಾಕು.

ಇಪ್ಪತ್ತನಾಲ್ಕು ಬಣ್ಣಗಳುಳ್ಳ ಹುಡುಗನು ಎಲೆಗೆ ಸೀಸೆಯ ಹಸುರನ್ನೂ ಆಕಾಶಕ್ಕೆ ಸೀಸೆಯ ನೀಲಿಯನ್ನೂ ಹಾಗೆಯೇ ಬಳಿಯುತ್ತಾನೆ. ಅವನು ಹೊಲವನ್ನು ನೋಡುವುದೇ ಇಲ್ಲ, ಸೀಸೆಯ ಚೀಟಿಯನ್ನು ನೋಡುತ್ತಾನೆ. ನಾಲ್ಕೇ ಬಣ್ಣಗಳುಳ್ಳವನಿಗೆ ಆ ಸೌಕರ್ಯವಿಲ್ಲ. ಬೆಳಕೆಷ್ಟು, ನೆರಳೆಷ್ಟು ಎಂಬುದನ್ನು ಅವನು ಮೊದಲು ಅಳೆಯಬೇಕು. ಪ್ರತಿಯೊಂದು ಛಾಯೆಯನ್ನೂ ಕಲಸಿಯೇ ಪಡೆಯಬೇಕು. ಎಲ್ಲ ಛಾಯೆಗಳೂ ಅವೇ ನಾಲ್ಕರ ಮಕ್ಕಳಾದುದರಿಂದ ಚಿತ್ರದೊಳಗೆ ಜಗಳ ಕಡಮೆ, ನಂಟು ಹೆಚ್ಚು. ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಮೂರೇ ಸಾಲಿನ ತ್ರಿಪದಿಯಲ್ಲಿ ತವರನ್ನೂ ಅತ್ತೆಮನೆಯನ್ನೂ ಹಿಡಿದಿಡಲಿಲ್ಲವೆ? ಅಳತೆ ಕಿರಿದಾದಾಗ ಆಯ್ಕೆ ಹರಿತವಾಗುತ್ತದೆ.

ಆದರೆ ಇದನ್ನು ವ್ರತವಾಗಿಸುವುದು ಬೇಡ. ಈ ನಾಲ್ಕರಿಂದ ನವಿಲಿನ ಕೊರಳು ಬಾರದು. ಅಚ್ಚ ನೇರಿಳೆಯೂ ಬಾರದು. ಕೈ ಪಳಗಿದ ಮೇಲೆ ನೀಲಿಯೊಂದನ್ನು ಸೇರಿಸಬಹುದು. ಅದರ ಸ್ವಭಾವ ತಿಳಿದ ಬಳಿಕ ಮತ್ತೊಂದನ್ನು.

ಆದುದರಿಂದ ಮಕ್ಕಳಿಗೆ ಬಣ್ಣ ಕೊಳ್ಳಹೊರಟ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ದೊಡ್ಡ ಪೆಟ್ಟಿಗೆಯ ಬದಲು ಈ ನಾಲ್ಕನ್ನು ಕೊಳ್ಳಿರಿ. ಬಿಳಿಯದು ಮಾತ್ರ ದೊಡ್ಡ ಸೀಸೆಯಿರಲಿ, ಮೊದಲು ತೀರುವುದು ಅದೇ. ಉಳಿದ ಹಣದಲ್ಲಿ ಒಳ್ಳೆಯ ಕುಂಚವೊಂದನ್ನೂ ದಪ್ಪ ಕಾಗದವನ್ನೂ ತನ್ನಿರಿ. ಮಗುವು “ಹಸುರು ಎಲ್ಲಿ?” ಎಂದು ಕೇಳಿದಾಗ ಉತ್ತರ ಹೇಳುವ ಅವಸರ ಮಾತ್ರ ಬೇಡ.