ಹಸಿರು ಡ್ರ್ಯಾಗನ್ ಕಾಯುವ ಊರು

ಜರ್ಮನಿಗೆ ಹೋದವರು ಮ್ಯೂನಿಕ್ ನೋಡಿ ಹಿಂತಿರುಗಿಬಿಡುತ್ತಾರೆ. ನಿಮಗೆ ಆ ಯೋಗ ಬಂದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಆಲ್ಪ್ಸ್ ಪರ್ವತದ ಬುಡದಲ್ಲಿ ಮುರ್ನೌ ಅನ್ನೋ ಪುಟ್ಟ ಊರು.

ಇದು ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ. ‘ಮಾರ್ಕ್ಟ್’, ಅಂದರೆ ಸಂತೆಯೂರು. ಹಿಂದೆ ಸಂತೆ ಕೂಡಿಸಲು ದೊರೆಯ ಅಪ್ಪಣೆ ಬೇಕಿತ್ತಂತೆ. ಬವೇರಿಯಾದ ಇಂಥ ಊರುಗಳು ಇಂದಿಗೂ ಆ ಬಿರುದನ್ನು ಬಿಟ್ಟುಕೊಟ್ಟಿಲ್ಲ.

ಮುರ್ನೌ ಊರಿನ ಲಾಂಛನ ನೋಡಿದರೆ ನಿಮಗೆ ನಗು ಬಂದೀತು. ಬೆಳ್ಳಿಯ ಗುರಾಣಿಯ ಮೇಲೆ ಒಂದು ಹಸಿರು ಡ್ರ್ಯಾಗನ್! ‘ಇವರಿಗೆ ಬೇರೇನೂ ಸಿಗಲಿಲ್ವೇ?’ ಅನ್ನಬೇಡಿ. ಊರ ಪಕ್ಕದಲ್ಲೇ ಮೂವತ್ತು ಚದರ ಕಿಲೋಮೀಟರಿಗೂ ಮಿಕ್ಕಿದ ಜೌಗು ನೆಲವಿದೆ. ಅದರ ಮೇಲೆ ಮಂಜು ಹಬ್ಬಿದಾಗ ಒಳಗೆ ಏನೋ ಮಲಗಿದೆ ಅಂತ ಯಾರಿಗಾದರೂ ಅನ್ನಿಸದೆ ಇರದು.

ಲಾಂಛನ ಬರೆಯೋದಕ್ಕೂ ಕಟ್ಟುನಿಟ್ಟು ಉಂಟು. ಚಿನ್ನ, ಬೆಳ್ಳಿ ಎರಡೂ ಲೋಹಗಳು. ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣಗಳು. ಲೋಹದ ಮೇಲೆ ಬಣ್ಣ, ಬಣ್ಣದ ಮೇಲೆ ಲೋಹ. ಆಗಲೇ ದೂರದಿಂದ ಎದ್ದು ಕಾಣೋದು. ಸೀರೆಗೆ ಅಂಚು ಆರಿಸುವಾಗ ನಾವು ನೋಡೋದೂ ಅದನ್ನೇ ತಾನೆ? ಅಲ್ಲಿನ ಊರುಗಳ ಬಾವುಟಗಳು ಸಾಮಾನ್ಯವಾಗಿ ಲಾಂಛನದ ಬಣ್ಣಗಳನ್ನೇ ಪಡೆಯುತ್ತವೆ. ಬಟ್ಟೆಗೆ ಬಂದಾಗ ಬೆಳ್ಳಿ ಬಿಳಿಯಾಗುತ್ತೆ, ಚಿನ್ನ ಹಳದಿಯಾಗುತ್ತೆ.

ಯುರೋಪಿನ ಕತೆಗಳಲ್ಲಿ ಡ್ರ್ಯಾಗನ್ ನಿಧಿ ಕಾಯುವ ಪ್ರಾಣಿ. ಈ ಊರಲ್ಲೂ ಒಂದು ನಿಧಿ ಇತ್ತು. ಕಾದವಳು ಮಾತ್ರ ಒಬ್ಬ ಹೆಂಗಸು! ಚಿತ್ರಕಲಾವಿದೆ ಗೇಬ್ರಿಯೆಲೆ ಮ್ಯುಂಟರ್ 1909ರಲ್ಲಿ ಇಲ್ಲೊಂದು ಮನೆ ಕೊಂಡಳು. ರಷ್ಯದ ಕಲಾವಿದ ಕ್ಯಾಂಡಿನ್‌ಸ್ಕಿ ಮತ್ತು ಆಕೆ ಅಲ್ಲಿ ಜೊತೆಗಿದ್ದು ಚಿತ್ರ ಬರೆದರು. 1914ರಲ್ಲಿ ಯುದ್ಧ ಬಂತು, ಆತ ಹೊರಟುಹೋದ. ಮುಂದೆ ಬೇರೊಬ್ಬಳನ್ನು ಮದುವೆಯೂ ಆದ.

ಅವನ ಚಿತ್ರಗಳು ಇವಳ ಬಳಿಯೇ ಉಳಿದವು. ಸಿಟ್ಟಿಗೆ ಸುಟ್ಟುಹಾಕಬಹುದಿತ್ತು, ಅಲ್ಲವೇ? ಆಕೆ ಹಾಗೆ ಮಾಡಲಿಲ್ಲ. 1937ರಲ್ಲಿ ನಾಜಿಗಳು ಇಂಥ ಕಲೆಯನ್ನು ‘ಕೆಟ್ಟುಹೋದ ಕಲೆ’ ಎಂದು ಮ್ಯೂನಿಕ್‌ನಲ್ಲಿ ಪ್ರದರ್ಶನಕ್ಕಿಟ್ಟು ಹೀಗಳೆದರು. ಅಂಥ ದಿನಗಳಲ್ಲಿ ಆಕೆ ಆ ಚಿತ್ರಗಳನ್ನು ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದಳು. 1957ರಲ್ಲಿ, ಎಂಬತ್ತನೆಯ ಹುಟ್ಟುಹಬ್ಬದ ವರ್ಷ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಮ್ಯೂನಿಕ್‌ನ ಲೆನ್‌ಬಾಖ್ ಕಲಾಭವನಕ್ಕೆ ದಾನ ಕೊಟ್ಟಳು. 1962ರಲ್ಲಿ ಇದೇ ಮನೆಯಲ್ಲಿ ಕಣ್ಣು ಮುಚ್ಚಿದಳು.

ಆ ಮನೆ ಈಗ ವಸ್ತುಸಂಗ್ರಹಾಲಯ. ಬಣ್ಣ ಬಳಿದ ಮೆಟ್ಟಿಲು, ಪೀಠೋಪಕರಣ ಎಲ್ಲ ನೋಡಿಕೊಂಡು ಪೇಟೆ ಬೀದಿಗೆ ಬನ್ನಿ. ಅಲ್ಲಿ ಆ ಹಸಿರು ಡ್ರ್ಯಾಗನ್ ಮತ್ತೆ ಕಣ್ಣಿಗೆ ಬಿದ್ದರೆ, ಈ ಸಲ ನಿಮಗೆ ನಗು ಬರಲಾರದು.